ಸುಮಾಳಿಗೆ, ಕತ್ತಿನ ನೋವಿನ ವಿಚಾರವಾಗಿ

ಚಿ. ಸುಮಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದದ ಉಳಿದ ಸಂಗತಿಗಳನ್ನೆಲ್ಲ ಓದಿ ಮಡಿಸಿಟ್ಟೆ. 'ಕೋವಿಡ್ ಹೋಗಿ ಥೈರಾಯ್ಡ್ ಬಂತು, ಇನ್ನು ಬದುಕಿರುವಷ್ಟು ದಿನ ಮಾತ್ರೆಯೇ ಗತಿಯೇ ದೊಡ್ಡಪ್ಪ?' ಎಂಬ ಒಂದು ಸಾಲು ಮಾತ್ರ ರಾತ್ರಿ ನಿದ್ದೆ ಕೊಡಲಿಲ್ಲ.

ನಿನ್ನ ವೈದ್ಯರು ಹೇಳಿದ ಸಬ್‌ಅಕ್ಯೂಟ್ ಥೈರಾಯ್ಡೈಟಿಸ್, ಅಂದರೆ ಕತ್ತಿನ ಥೈರಾಯ್ಡ್ ಗ್ರಂಥಿ ನೋವಿನೊಡನೆ ಊದಿಕೊಳ್ಳುವ ಕಾಯಿಲೆ, ಎಂಬ ಹೆಸರು ನನಗೆ ಹೊಸದಲ್ಲ. 1984ರಲ್ಲಿ ಶೀತಜ್ವರ ಬಿಟ್ಟ ಮೂರನೆಯ ವಾರ ನಿನ್ನ ಸರೋಜತ್ತೆ ಕಿವಿ ನೋವು, ದವಡೆ ನೋವು ಎಂದು ನರಳಿದಾಗ, ಅಣ್ಣನೆಂಬ ಅಧಿಕಾರದಿಂದ ಅವಳನ್ನು ಎಳೆದೊಯ್ದು ಒಂದು ಗಟ್ಟಿ ಹಲ್ಲನ್ನು ಕೀಳಿಸಿದವನು ನಾನೇ. ಕೊರಳಿನ ಸರ ತಗುಲಿದರೂ ನೋವೆಂದು ಅವಳು ಅದನ್ನು ಬಿಚ್ಚಿಟ್ಟಿದ್ದಳು. ಅದನ್ನು ಕಂಡೂ ನೋವಿನ ಮೂಲ ಹಲ್ಲಲ್ಲ, ಕತ್ತಿನ ಗ್ರಂಥಿ ಎಂದು ನನಗೆ ಹೊಳೆಯಲಿಲ್ಲ.

ವೈರಸ್ಸಿನ ಜ್ವರದ ಬೆನ್ನಿಗೆ ಈ ಗ್ರಂಥಿ ಊದಿಕೊಂಡಾಗ, ಬಿರುಕುಬಿಟ್ಟ ಕಣಜದಿಂದ ಕಾಳು ಸುರಿಯುವಂತೆ ಕೂಡಿಟ್ಟ ಹಾರ್ಮೋನು ರಕ್ತಕ್ಕೆ ಸುರಿಯುತ್ತದೆ. ನಿನ್ನ ಎದೆಬಡಿತ, ಕೈನಡುಕಗಳು ಅದರಿಂದಲೇ ಹೊರತು ಗ್ರಂಥಿ ಹೆಚ್ಚು ದುಡಿಯುತ್ತಿರುವುದರಿಂದಲ್ಲ. ಆದ್ದರಿಂದಲೇ ಹಾರ್ಮೋನಿನ ತಯಾರಿಕೆಯನ್ನು ತಡೆಯುವ ಮಾತ್ರೆ ಇದಕ್ಕೆ ನಾಟುವುದಿಲ್ಲ. ಕಣಜ ಬರಿದಾದ ಮೇಲೆ ಕೆಲವು ತಿಂಗಳು ಜಡತೆ ಬರಬಹುದು, ಆದರೆ ಬಹುಮಂದಿಗೆ ಅದು ಮತ್ತೆ ತುಂಬಿಕೊಳ್ಳುತ್ತದೆ. 2020ರಲ್ಲಿ ಇಟಲಿಯ ಪೀಸಾದ ವೈದ್ಯರು ಕೋವಿಡ್ಡಿನ ನಂತರ ಇದೇ ಕಾಯಿಲೆ ಬಂದ 18 ವರ್ಷದ ಹುಡುಗಿಯ ವಿಚಾರ ಬರೆದರು. ಸುಮಾರು 40 ದಿನಗಳಲ್ಲಿ ಅವಳ ಗ್ರಂಥಿ ಸರಿಹೋಗಿತ್ತು.

ಹಾರ್ಮೋನಿನ ಕೊರತೆ ತುಂಬುವ ಕಾಯಂ ಮಾತ್ರೆ ಯಾರಿಗೂ ಬರುವುದೇ ಇಲ್ಲವೆಂದು ಸುಳ್ಳು ಹೇಳಲಾರೆ. ನೂರಕ್ಕೆ 5ರಿಂದ 15 ಮಂದಿಗೆ ಬರುತ್ತದೆ, ಸರೋಜ ಅವರಲ್ಲೊಬ್ಬಳು. ಬೆಳಿಗ್ಗೆ ಕಾಫಿಗೆ ಮೊದಲು ಅವಳು ನುಂಗುವುದನ್ನು ನೀನು ಚಿಕ್ಕಂದಿನಿಂದ ಕಂಡ ಆ ಪುಟ್ಟ ಗುಳಿಗೆ ಅದೇ. ಅದರ ಬಗ್ಗೆ ಅವಳು ಒಮ್ಮೆಯೂ ದೂರಿದ್ದಿಲ್ಲ. ಜಡತೆ ಕವಿದು ಅವಳು ಹಗಲಲ್ಲೇ ಒಲೆಯ ಮುಂದೆ ತೂಕಡಿಸುತ್ತಿದ್ದ ದಿನಗಳಲ್ಲಿ ನಾನು ಅವಳನ್ನು ಸೋಮಾರಿಯೆಂದು ಜರೆದದ್ದೇ ಇಂದಿಗೂ ನನ್ನನ್ನು ಕುಟುಕುತ್ತದೆ.

ಬುದ್ಧಿ ಹೇಳುವ ಯೋಗ್ಯತೆ ಹಲ್ಲು ಕೀಳಿಸಿದವನಿಗೆ ಎಲ್ಲಿಂದ ಬರಬೇಕು? ಆದರೂ, ಊತ, ನೋವು ಇಳಿಸಲು ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರೆ ನೋವು ಇಳಿಯಿತೆಂದು ನೀನಾಗಿ ನಿಲ್ಲಿಸಬೇಡ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಆ ಹೊತ್ತಿಗೆ ತನ್ನ ಕೆಲಸ ಮರೆತಿರಬಹುದು, ಆದ್ದರಿಂದ ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿಯೇ ಇಳಿಸಬೇಕು. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸಬಹುದು, ಆದ್ದರಿಂದ ರಕ್ತದ ಸಕ್ಕರೆಯನ್ನೂ ಒಮ್ಮೆ ನೋಡಿಸು. ಥೈರಾಯ್ಡಿನ ಕೆಲಸ ಹೇಗಿದೆಯೆಂದು ತಿಳಿಸುವ ರಕ್ತಪರೀಕ್ಷೆ ಟಿ.ಎಸ್.ಎಚ್. ಮುಂದಿನ ಸಲ ಎಷ್ಟು ಬಂತೆಂದು ಬರೆ. ಆಯಾಸವಾದರೆ ಮಲಗಿಕೋ, ಅದಕ್ಕೆ ಮನೆಯಲ್ಲಿ ಯಾರಾದರೂ ಏನಾದರೂ ಅಂದರೆ, ಫೋನನ್ನು ಅವರ ಕೈಗೆ ಕೊಡು, ನಾನು ಮಾತನಾಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ