ಮೂರನೇ ಟ್ರೊಂಬೋನ್‌ಗೆ ಒಂದು ಪತ್ರ

ಪ್ರೀತಿಯ ಗೆಳೆಯಾ,

ಬಂತು ಕಣೋ, ನಮ್ಮ ಜಾಝ್ ಬಿಗ್ ಬ್ಯಾಂಡಿನ ಹೊಸ ರೆಕಾರ್ಡಿಂಗ್ ಕೊನೆಗೂ ಬಂತು. ಮೊನ್ನೆ ರಾತ್ರಿ ಹತ್ತಕ್ಕೆ ಕೇಳಲು ಕೂತವನು ಎದ್ದಾಗ ಒಂದೂವರೆ. ಎಂಟು ಟ್ರ್ಯಾಕು, ಹೆಚ್ಚುಕಡಿಮೆ 50 ನಿಮಿಷ. ಇಡೀ ಆಲ್ಬಮ್ಮನ್ನು ಮೂರು ಸಲ ಕೇಳಿದೆ, ನಾಲ್ಕನೇ ಟ್ರ್ಯಾಕನ್ನು ಎಷ್ಟು ಸಲವೋ ಲೆಕ್ಕ ಇಡಲಿಲ್ಲ. ಆ ನಾಲ್ಕನೆಯದರ ಸಲುವಾಗಿಯೇ ನಿನಗೆ ಈ ಪತ್ರ. ಆದರೆ ಮೊದಲಿನಿಂದ ಬರುತ್ತೇನೆ. ಬೇರೆಯವರೂ ಓದಲಿ ಅಂತ ಬರೆಯುತ್ತಿರುವುದರಿಂದ ನಿನಗೆ ಗೊತ್ತಿರುವ ಸಂಗತಿಗಳೂ ನಡುವೆ ಬರುತ್ತವೆ, ಬೇಸರ ಮಾಡಿಕೊಳ್ಳಬೇಡ.

ಈ ಸಲ ಹದಿನೇಳು ಜನವನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಉಸಿರಿಗೆ ನುಡಿಸಿ ಮುದ್ರಿಸಿದ್ದಾರೆ. ಐದು ಸ್ಯಾಕ್ಸಫೋನ್, ನಾಲ್ಕು ಟ್ರಂಪೆಟ್, ನಾಲ್ಕು ಟ್ರೊಂಬೋನ್ (ಸ್ಲೈಡ್ ಅನ್ನುವ ಜಾರುವ ಕೊಳವೆಯ ಹಿತ್ತಾಳೆ ವಾದ್ಯ), ಹಿಂದೆ ಪಿಯಾನೊ, ಗಿಟಾರ್, ಡಬಲ್ ಬೇಸ್, ಡ್ರಮ್ಸ್. ಕಳೆದ ಸಲದ ಹಾಗೆ ಒಂದೊಂದು ಗುಂಪನ್ನು ಬೇರೆ ಬೇರೆ ದಿನ ಮುದ್ರಿಸಿ ಆಮೇಲೆ ಜೋಡಿಸಿದ್ದಲ್ಲ. ಒಬ್ಬರ ಮೈಕಿಗೆ ಇನ್ನೊಬ್ಬರ ಸದ್ದು ಧಾರಾಳವಾಗಿ ನುಗ್ಗಿದೆ. ಹಾಗೆ ನುಗ್ಗಿದ್ದರಿಂದಲೇ ಕಣ್ಣು ಮುಚ್ಚಿದರೆ ಟ್ರಂಪೆಟ್‌ನವರು ಹಿಂದಿನ ಸಾಲಿನಲ್ಲಿ, ಸ್ಯಾಕ್ಸ್‌ನವರು ಮುಂದೆ, ನಡುವೆ ನಿಮ್ಮ ಟ್ರೊಂಬೋನ್ ಸಾಲು ಅಂತ ಕಂಡುಬಿಡುತ್ತದೆ. ಮೊದಲ ಟ್ರ್ಯಾಕಿನಲ್ಲಿ ಟೆನರ್ ಸ್ಯಾಕ್ಸ್‌ನವನು ಸೋಲೊಗೆ ಎದ್ದು ನಿಂತಾಗ ಮೈಕಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಿದ್ದಾನೆ. ಮೊದಲ ಎರಡು ಬಾರ್ (ಒಂದು ಬಾರ್ ಅಂದರೆ ನಾಲ್ಕು ಏಟಿನ ಒಂದು ಅಳತೆ) ದೂರದಿಂದ ಕೇಳುತ್ತದೆ, ಆಮೇಲೆ ಹತ್ತಿರ ಬರುತ್ತಾನೆ. ಅದನ್ನು ಸರಿಪಡಿಸದೆ ಹಾಗೇ ಬಿಟ್ಟದ್ದು ನನಗೆ ತುಂಬಾ ಹಿಡಿಸಿತು.

1956ರ ನ್ಯೂಪೋರ್ಟ್ ಜಾಝ್ ಉತ್ಸವ ನೆನಪಾಯಿತು ನೋಡು. ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನಲ್ಲಿ ಪಾಲ್ ಗೊನ್ಸಾಲ್ವಿಸ್ ಎದ್ದು ನಿಂತು ಬ್ಲೂಸ್‌ನ 12 ಬಾರ್‌ಗಳ ಆವರ್ತವನ್ನು ಒಂದಲ್ಲ ಎರಡಲ್ಲ, 27 ಸಲ ಸುತ್ತಿಸಿದ. ಅಂದರೆ 324 ಬಾರ್, ಒಬ್ಬನೇ. ಜನ ಕುರ್ಚಿ ಬಿಟ್ಟೆದ್ದು ಕುಣಿದರು. ಆದರೆ ಅವನು ನುಡಿಸಿದ್ದು ರೆಕಾರ್ಡ್ ಕಂಪನಿಯ ಮೈಕಿಗಲ್ಲ, ಪಕ್ಕದಲ್ಲಿದ್ದ ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕಿಗೆ. ಹೊರಬಂದ ಆಲ್ಬಮ್ಮಿನಲ್ಲಿ ಅವನ ಸ್ಯಾಕ್ಸ್ ಮಸುಕು ಮಸುಕು. 1999ರಲ್ಲಿ ರೇಡಿಯೋದವರ ಟೇಪನ್ನೂ ಕೂಡಿಸಿ ಮರುಬಿಡುಗಡೆ ಮಾಡಿದಾಗಲೇ ಆ ಸೋಲೊ ಸರಿಯಾಗಿ ಕೇಳಿದ್ದು. ನಾವಿಬ್ಬರೂ ಮೊದಲು ಕೇಳಿದ್ದು ಆ ಮಸುಕಾದದ್ದನ್ನೇ ಅಲ್ಲವೇ? ಎರಡು ಹೆಡ್‌ಫೋನ್ ಇಲ್ಲದೆ, ಒಂದನ್ನೇ ಹಂಚಿಕೊಂಡು, ಕಿವಿಗೆ ಕಿವಿ ತಾಗಿಸಿ.

ಸ್ವಿಂಗ್, ಅಂದರೆ ಜಾಝ್‌ನ ಆ ತೂಗುವ ಲಯದ ವಿಷಯಕ್ಕೆ ಬಂದರೆ ನಿನಗೆ ಸಂತೋಷವಾಗುತ್ತದೆ. ನೀನಿದ್ದಾಗ ಎಷ್ಟು ಜಗಳ ಆಗುತ್ತಿತ್ತು ಅದರ ಬಗ್ಗೆ! ಕಾಗದದ ಮೇಲೆ ಎಂಟನೇ ಸ್ವರಗಳೆಲ್ಲ (ಅರ್ಧ ಏಟಿನವು) ಸಮಸಮ, ನುಡಿಸುವಾಗ ಪ್ರತಿ ಜೋಡಿಯಲ್ಲಿ ಮೊದಲನೆಯದು ಉದ್ದ, ಎರಡನೆಯದು ಮೊಟಕು. ಎಷ್ಟು ಉದ್ದ, ಎಷ್ಟು ಮೊಟಕು ಅಂತ ಯಾರೂ ಬರೆದುಕೊಡುವುದಿಲ್ಲ. ವೇಗ ಹೆಚ್ಚಿದಂತೆ ಎರಡೂ ಸಮಕ್ಕೆ ಹತ್ತಿರವಾಗುತ್ತವೆ. ಹದಿಮೂರು ಊದುವವರು ಅದನ್ನು ಒಂದೇ ಅಳತೆಯಲ್ಲಿ ಇಡಬೇಕು ಅಂದರೆ ಅದು ಲೆಕ್ಕದಿಂದ ಆಗುವ ಕೆಲಸವಲ್ಲ, ವರ್ಷಗಟ್ಟಲೆ ಒಟ್ಟಿಗೆ ಕೂತು ಆಗುವಂಥದ್ದು. ಹೋದ ಆಲ್ಬಮ್ಮಿನ ವೇಗದ ಟ್ರ್ಯಾಕುಗಳಲ್ಲಿ ಬ್ಯಾಂಡು ಓಡುತ್ತಿತ್ತು, ಈಗ ನಡೆಯುತ್ತಿದೆ. ಅಷ್ಟೇ ವೇಗದಲ್ಲಿ, ಆದರೆ ನಡೆಯುತ್ತಿದೆ. ಎರಡನೇ ಟ್ರ್ಯಾಕಿನ ಕೊನೆಯ ಅಬ್ಬರದ ಸುತ್ತು ಕೇಳು, ನಾನು ಹೇಳಿದ್ದು ತಿಳಿಯುತ್ತದೆ.

ಗಿಟಾರ್‌ನವರನ್ನು ಮರೆಯಬಾರದು. ಇಡೀ ಆಲ್ಬಮ್ಮಿನಲ್ಲಿ ಅವರದೊಂದು ಸೋಲೊ ಇಲ್ಲ. ಕೌಂಟ್ ಬೇಸಿ ಬ್ಯಾಂಡಿನ ಫ್ರೆಡ್ಡಿ ಗ್ರೀನ್ ದಾರಿ ಹಿಡಿದಿದ್ದಾರೆ. ಗ್ರೀನ್ 1937ರಲ್ಲಿ ಆ ಬ್ಯಾಂಡು ಸೇರಿ 1987ರಲ್ಲಿ ತೀರಿಕೊಳ್ಳುವವರೆಗೆ, ಬೇಸಿ ಹೋದ ಮೇಲೂ, ಆಂಪ್ಲಿಫೈಯರ್ ಇಲ್ಲದ ಗಿಟಾರಿನಲ್ಲಿ ಬಾರಿಗೆ ನಾಲ್ಕು ಏಟು ಕೊಟ್ಟುಕೊಂಡೇ ಬಂದವರು. ಸೋಲೊ ನುಡಿಸಿದ್ದು ತೀರಾ ಅಪರೂಪ. ನಮ್ಮವರ ಗಿಟಾರೂ ಹಾಗೆಯೇ, ಇದ್ದಾಗ ಕೇಳಿಸುವುದಿಲ್ಲ. ಐದನೇ ಟ್ರ್ಯಾಕಿನಲ್ಲಿ ಎಂಟು ಬಾರ್ ಕಾಲ ಅವರು ಕೈ ಬಿಡುತ್ತಾರೆ, ಆಗ ನೆಲವೇ ಸ್ವಲ್ಪ ಕುಸಿದಂತಾಗುತ್ತದೆ.

ಎಲ್ಲವೂ ಚೆನ್ನಾಗಿದೆ ಎನ್ನಲಾರೆ. ಆರನೆಯದರಲ್ಲಿ ಟ್ರಂಪೆಟ್‌ಗಳು ಮೇಲಿನ ಸ್ಥಾಯಿಯಲ್ಲಿ ದಣಿದಿವೆ. ಏಳನೆಯ ಲ್ಯಾಟಿನ್ ಲಯದ್ದು ನನ್ನನ್ನು ಮುಟ್ಟಲಿಲ್ಲ.

ಈಗ ನಾಲ್ಕನೆಯದು.

ನಿಧಾನದ ಬ್ಯಾಲಡ್. ಶುರುವಿಗೆ ಮುಂಚೆ ಹಾಳೆ ಮಗುಚಿದ ಸದ್ದು, ಯಾರೋ ಕುರ್ಚಿ ಸರಿಸಿದ್ದು, ಆಮೇಲೆ ಬಹಳ ಮೆತ್ತಗೆ ಎಣಿಕೆ. ಮೇಲೆ ಫ್ಲೂಗಲ್‌ಹಾರ್ನ್ (ಟ್ರಂಪೆಟ್‌ನ ಮೆದು ದನಿಯ ಬಂಧು) ಹಾಡುತ್ತದೆ, ಕೆಳಗೆ ನಾಲ್ಕು ಟ್ರೊಂಬೋನ್‌ಗಳು ಉದ್ದುದ್ದ ಸ್ವರ ಹಿಡಿದು ಹಾಸಿಗೆ ಹಾಸುತ್ತವೆ. 2 ನಿಮಿಷ 40 ಸೆಕೆಂಡಿಗೆ ಒಂದು ಸಾಲು ಮುಗಿಯುತ್ತದೆ. ಅಲ್ಲಿ ಎಲ್ಲರೂ ಉಸಿರೆಳೆಯುವುದು ಸಹಜ. ಟ್ರೊಂಬೋನ್‌ಗಳು ಉಸಿರೆಳೆದದ್ದು ಕೇಳಿಸುತ್ತದೆ ಕೂಡ. ಆದರೆ ಸದ್ದು ನಿಲ್ಲುವುದಿಲ್ಲ. ಮೂರು ಸ್ವರ ಹೋಗಿ ಒಂದು ಉಳಿಯುತ್ತದೆ. ಆ ಒಂದು ಸ್ವರ ಕಾರ್ಡಿನ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛದ, ಗಾಂಧಾರ. ಒಂಟಿಯಾಗಿ ನಿಂತಿದ್ದ ಅದು ಅಂತರ ಗಾಂಧಾರದಿಂದ ಸಾಧಾರಣ ಗಾಂಧಾರಕ್ಕೆ, ಸ್ಲೈಡಿನ ಒಂದೇ ಒಂದು ಸ್ಥಾನದಷ್ಟು, ಇಳಿಯುತ್ತದೆ. ಇಳಿದ ಮೇಲೆ ಮಿಕ್ಕ ಮೂರೂ ಬಂದು ಅದರ ಸುತ್ತ ಕೂಡಿಕೊಳ್ಳುತ್ತವೆ. ಮೇಜರ್ ಇದ್ದದ್ದು ಮೈನರ್ ಆಗಿರುತ್ತದೆ, ಬೆಳಕು ಇಳಿದಿರುತ್ತದೆ. ಎಲ್ಲ ಸೇರಿ ಎರಡು ಸೆಕೆಂಡಿನ ಮಾತು. ಮೊದಲ ಸಲ ಕೇಳಿದಾಗ ಯಾಕೆ ಗಂಟಲು ಕಟ್ಟಿತು ಅಂತ ಗೊತ್ತಾಗಲಿಲ್ಲ. ಮತ್ತೆ ಹಾಕಿದೆ, ಮತ್ತೆ ಹಾಕಿದೆ.

ಮಾರನೇ ದಿನ ರಿಹರ್ಸಲ್‌ಗೆ ಹೋಗಿ ನಿನ್ನ ಕುರ್ಚಿಯಲ್ಲಿ ಕೂರುವ ಹುಡುಗಿಯನ್ನು ಕೇಳಿದೆ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಮಾತು ಕಡಿಮೆ. "ಆ ಜಾಗದಲ್ಲಿ ನೀನೊಬ್ಬಳು ಯಾಕಮ್ಮ ಉಸಿರು ತಗೊಳ್ಳಲಿಲ್ಲ?" ಅಂದೆ. ಅವಳು ಮಾತಾಡದೆ ಫೈಲು ತೆರೆದು ತೋರಿಸಿದಳು. ಮೂರನೇ ಟ್ರೊಂಬೋನಿನ ಹಳೇ ಹಾಳೆ, ಮೂಲೆಗಳು ಮಡಿಸಿ ಮೆತ್ತಗಾಗಿವೆ. ಆ ಬಾರಿನ ಮೇಲೆ ಪೆನ್ಸಿಲಿನಲ್ಲಿ, ನಿನ್ನ ಆ ಬಲಕ್ಕೆ ವಾಲಿದ ಅಕ್ಷರದಲ್ಲಿ, "ಇಲ್ಲಿ ಬೇಡ" ಅಂತ ಬರೆದಿದೆ. ಕೆಳಗೆ ಎರಡು ಗೆರೆ. ಎರಡನೆಯದು ಎಷ್ಟು ಒತ್ತಿ ಎಳೆದದ್ದೆಂದರೆ ಕಾಗದ ಅಲ್ಲಿ ಸೀಳಿದೆ. ಮುಂದಿನ ಬಾರಿನ ನಡುವೆ ಒಂದು ಚಿಕ್ಕ ಅಲ್ಪವಿರಾಮ, ಅದು ಉಸಿರಿನ ಗುರುತು.

"ಯಾರು ಬರೆದದ್ದೋ ಗೊತ್ತಿಲ್ಲ ಸರ್, ಆದರೆ ಬರೆದಿರೋ ಹಾಗೆ ಮಾಡಿದಾಗಲೇ ಸರಿ ಕೇಳಿಸಿತು" ಅಂದಳು.

ಎಲಿಂಗ್ಟನ್ ತನ್ನ ಬ್ಯಾಂಡಿಗೆ ಬರೆದ ಎಷ್ಟೋ ಹಾಳೆಗಳ ಮೇಲೆ ವಾದ್ಯದ ಹೆಸರೇ ಇರಲಿಲ್ಲ, ನುಡಿಸುವವನ ಹೆಸರಿರುತ್ತಿತ್ತು ಅಂತ ನೀನೇ ಅಲ್ಲವೇ ನನಗೆ ಹೇಳಿದ್ದು? ಆ ದಿನ ನೀನು ಅದನ್ನು ಹೇಳಿದ ರೀತಿಯಲ್ಲಿ ಒಂದು ಆಸೆ ಇತ್ತು, ನನಗೆ ಈಗ ಅರ್ಥವಾಗುತ್ತಿದೆ. ನಿನಗಾಗಿ ಯಾರೂ ಬರೆಯಲಿಲ್ಲ. ಹತ್ತು ವರ್ಷ ಮೂರನೇ ಕುರ್ಚಿಯಲ್ಲಿ ಕೂತೆ, ಸೋಲೊ ಬರಲಿಲ್ಲ, ಆಲ್ಬಮ್ಮಿನ ಹಿಂದೆ ಹೆಸರು ಸಣ್ಣ ಅಕ್ಷರದಲ್ಲಿ. ಹೋಗುವಾಗ "ನಾನಿಲ್ಲದಿದ್ದರೆ ಏನು ವ್ಯತ್ಯಾಸ" ಅಂದುಬಿಟ್ಟೆ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳಿಗೆ ನಿನ್ನ ಹೆಸರು ಹೇಳಿ ಬಂದಿದ್ದೇನೆ. ಹಾಳೆಯ ಮೇಲೆ ಬರೆದುಕೊಳ್ಳಲಾ ಅಂತ ಕೇಳಿದಳು, ಬರೆದುಕೋ ಅಂದೆ. ನಿನ್ನನ್ನು ಕೇಳದೆ ಒಪ್ಪಿದೆ, ಸಿಟ್ಟಾಗಬೇಡ.

ರೆಕಾರ್ಡಿಂಗ್ ಇದರ ಜೊತೆ ಕಳಿಸುತ್ತಿದ್ದೇನೆ. ಫೋನಿನ ಸ್ಪೀಕರಿನಲ್ಲಿ ಕೇಳಬೇಡ, ಅದರಲ್ಲಿ ನಡುವಿನ ಸ್ವರಗಳು ಸತ್ತುಹೋಗುತ್ತವೆ. ಹೆಡ್‌ಫೋನ್ ಹಾಕಿಕೊ, ನಾಲ್ಕನೇ ಟ್ರ್ಯಾಕು, 2 ನಿಮಿಷ 40 ಸೆಕೆಂಡು. ಕೇಳಿದ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ ಗೆಳೆಯ