ಅರ್ಜಿ ಕೊಡುವ ಮುನ್ನ ಪಹಣಿ ನೋಡಿ

ಮಾನ್ಯ ಸಂಪಾದಕರೇ,

ಕೃಷಿ ಹೊಂಡಕ್ಕೆ, ಬದುವಿಗೆ, ಹನಿ ನೀರಾವರಿಗೆ ಸಹಾಯಧನ ಇದೆಯೆಂದು ರೈತರಿಗೆ ಗೊತ್ತು. ಯಾವ ಕಚೇರಿಗೆ ಹೋಗಬೇಕೆಂಬುದೇ ತಿಳಿಯುವುದಿಲ್ಲ. ಕಬ್ಬಿಗೆ ಹನಿ ನೀರಾವರಿ ಬೇಕಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ. ಪಕ್ಕದ ಅಡಿಕೆ ಸಾಲಿಗೆ ತೋಟಗಾರಿಕೆ ಇಲಾಖೆ. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆ. ಉದ್ಯೋಗ ಖಾತರಿಯಲ್ಲಿ ಬದು ಹಾಕಿಸಲು ಗ್ರಾಮ ಪಂಚಾಯಿತಿ. ಹೊಲ ಒಂದೇ, ಬಾಗಿಲು ನಾಲ್ಕು!

ಇಲಾಖೆಗಳೆಲ್ಲ ಮೊದಲು ಕೇಳುವುದು ಎಫ್‌ಐಡಿ, ಅಂದರೆ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿದ ರೈತನಿಗೆ ಸಿಗುವ ಗುರುತಿನ ಸಂಖ್ಯೆ. ಹೆಚ್ಚಿನ ಅರ್ಜಿಗಳು ಎಡವುವುದೂ ಇಲ್ಲೇ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಮಗನಿಗೆ ಆ ಜಮೀನಿಗೆ ಸಹಾಯಧನ ಸಿಗದು. ಮೊದಲು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಾವಣೆ ಆಗಬೇಕು. ಜಮೀನು ಜಂಟಿ ಖಾತೆಯಲ್ಲಿದ್ದರೆ ಉಳಿದವರ ಒಪ್ಪಿಗೆ ಪತ್ರ ಬೇಕು. ಮೂರು ಸರ್ವೆ ನಂಬರ್ ಇದ್ದವರ ಎಫ್‌ಐಡಿಯಲ್ಲಿ ಒಂದೇ ನಂಬರ್ ಏರಿರುವುದು ಮಾಮೂಲು. ಎಫ್‌ಐಡಿ ವಿವರ ತೆಗೆಸಿಕೊಂಡು, ಹಿಸ್ಸಾ ಸಮೇತ ಪಹಣಿಯೊಂದಿಗೆ ತಾಳೆ ನೋಡಬೇಕು. ಆಧಾರ್‌ನಲ್ಲೂ ಪಹಣಿಯಲ್ಲೂ ಹೆಸರು ಒಂದೇ ರೀತಿ ಇರಲಿ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದವರು ಎನ್‌ಪಿಸಿಐ ಮ್ಯಾಪಿಂಗ್ (ಹಣ ಜಮೆಗೆ ಆಧಾರ್ ಜೋಡಣೆ) ಯಾವುದಕ್ಕೆ ಆಗಿದೆಯೆಂದು ವಿಚಾರಿಸಿಕೊಳ್ಳಲಿ. ಆಧಾರ್ ಮೂಲಕ ಬರುವ ಹಣ ಬೀಳುವುದು ಆ ಖಾತೆಗೆ ಮಾತ್ರ.

2014-15ರಲ್ಲಿ ಶುರುವಾಗಿ, ನಡುವೆ ನಿಂತು, 2023-24ರಲ್ಲಿ ಮತ್ತೆ ಬಂದ ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಇದರಲ್ಲಿ ಯಂತ್ರದಿಂದ ಅಗೆಸಬಹುದು; ಉದ್ಯೋಗ ಖಾತರಿಯ ಹೊಂಡಕ್ಕೆ ಜೆಸಿಬಿ ಇಳಿಸುವಂತಿಲ್ಲ. ಆದರೆ ಕೆಲಸ ಶುರುಮಾಡಲು ಇಲಾಖೆ ಕೊಡುವ ಕಾರ್ಯಾದೇಶ ಕೈಗೆ ಬರುವ ಮೊದಲೇ ಅಗೆಸಿಬಿಟ್ಟರೆ ಖಾಲಿ ಜಾಗದ ಜಿಪಿಎಸ್ ಫೋಟೊ ಇರುವುದಿಲ್ಲ, ಬಿಲ್ ನಿಲ್ಲುತ್ತದೆ. ಜೆಸಿಬಿ ಊರಿಗೆ ಬಂದಿದೆಯೆಂದು ಅವಸರ ಮಾಡಿ ಕೈಸುಟ್ಟುಕೊಳ್ಳುವುದು ಹೀಗೆ.

ನೀರು ಇಂಗದಂತೆ ಹೊಂಡದೊಳಗೆ ಹಾಸುವ ಪ್ಲಾಸ್ಟಿಕ್ ಹೊದಿಕೆಯ ಲೆಕ್ಕದಲ್ಲೂ ತಪ್ಪಾಗುತ್ತದೆ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡಕ್ಕೆ 1:1 ಇಳಿಜಾರು ಕೊಟ್ಟರೆ ತಳ 6 ಮೀಟರ್, ಒಂದೊಂದು ಓರೆ 4.24 ಮೀಟರ್. ಎರಡು ಓರೆ, ತಳ ಸೇರಿ ಸುಮಾರು 14.5 ಮೀಟರ್. ದಡದ ಕಾಲುವೆಯಲ್ಲಿ ಅಂಚು ಹೂಳಲು ಎರಡೂ ಬದಿ ತಲಾ ಒಂದು ಮೀಟರ್ ಸೇರಿಸಿ 16.5 ಮೀಟರಿನ ಚೌಕ ಹಾಳೆ ತರಬೇಕು. ಅಂಚಿಗೆ ಬಿಡದೆ ಕತ್ತರಿಸಿದ ಹಾಳೆ, ಎರಡೂವರೆ ಲಕ್ಷ ಲೀಟರ್ ನೀರಿನ ಭಾರಕ್ಕೆ ಜಾರಿ ಬೆಸುಗೆಯಲ್ಲಿ ಹರಿಯುತ್ತದೆ. ಹಾಸುವ ಮೊದಲು ಬೇರು, ಕಲ್ಲುಚೂರು ಆರಿಸಿ ತೆಗೆಯಬೇಕು. ನೀರು ಒಳಬರುವ ಕಡೆ ಹೂಳು ಗುಂಡಿ ಇಲ್ಲದಿದ್ದರೆ ಹೊಂಡಕ್ಕೆ ಮಣ್ಣೇ ತುಂಬಿಕೊಳ್ಳುತ್ತದೆ.

ಇಷ್ಟನ್ನು ಹೇಳಲು ಹೊಸ ಆ್ಯಪ್ ಬೇಕಿಲ್ಲ. ಯಾವ ಕೆಲಸಕ್ಕೆ ಯಾವ ಕಚೇರಿ, ಯಾವ ದಾಖಲೆ, ಕೊನೆಯ ದಿನ ಯಾವುದು ಎಂದು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಏಪ್ರಿಲ್‌ನಲ್ಲೇ ಬರೆಸಲಿ. ಅರ್ಜಿ ಕೊಟ್ಟವರ ಜ್ಯೇಷ್ಠತಾ ಪಟ್ಟಿಯನ್ನೂ ಪಕ್ಕದಲ್ಲೇ ಅಂಟಿಸಲಿ.

– ಒಬ್ಬ ಓದುಗ, ಹಿರಿಯೂರು ತಾಲ್ಲೂಕು