ಆಕಾರ ನೋಡಿಯೇ ಜೀವಿ ಅನ್ನಬೇಡಿ

ಸಂಪಾದಕರೇ,

ಹಳೇ ಕಲ್ಲಿನಲ್ಲಿ ದಾರದಂಥ ಗೆರೆ ಕಂಡರೆ ಸಾಕು, ‘ಮೊದಲ ಜೀವಿ ಸಿಕ್ಕಿತು’ ಅಂತ ಸುದ್ದಿ ಬರುತ್ತದೆ. ಸ್ವಲ್ಪ ತಡೆಯಿರಿ. ಸೂಕ್ಷ್ಮಜೀವಿ ಸತ್ತ ಮೇಲೆ ಅದರ ಆಕಾರ ಉಳಿಯುತ್ತದೋ ಕೆಡುತ್ತದೋ ಅನ್ನುವುದು ಸುತ್ತಲಿನ ಕೆಸರು, ನೀರಿನ ಮೇಲೆ ನಿಂತಿದೆ. ಕೆನಡಾದ ಗನ್‌ಫ್ಲಿಂಟ್ ಕಲ್ಲನ್ನೇ ನೋಡಿ, ಸುಮಾರು 188 ಕೋಟಿ ವರ್ಷ ಹಳೆಯದು. ಅಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಬೇಗ ಗಟ್ಟಿಯಾಗಿ, ಜೀವಕೋಶ ಪೂರ್ತಿ ಕೊಳೆತು ಚಪ್ಪಟೆಯಾಗುವ ಮುಂಚೆಯೇ ಹಿಡಿದಿಟ್ಟಿತು, ಅದಕ್ಕೇ ಎಳೆಗಳೂ ಗುಂಡುಗಳೂ ಸೂಕ್ಷ್ಮದರ್ಶಕದಲ್ಲಿ ಇವತ್ತಿಗೂ ಕಾಣುತ್ತವೆ. ಜೇಡಿಮಣ್ಣಿನಲ್ಲಿ ಹೂತವು ಮೇಲಿನ ಭಾರಕ್ಕೆ ಅಪ್ಪಚ್ಚಿ. ಗಂಧಕ, ಕಬ್ಬಿಣ ಇದ್ದ ಕಡೆ ಅವೆರಡೂ ಸೇರಿದ ಪೈರೈಟ್ ಎಂಬ ಖನಿಜ ಬಂದು ಕೂರಬಹುದು. ಅದರ ಹರಳು ಜಾಸ್ತಿ ದೊಡ್ಡದಾದರೆ ಮೂಲ ರೂಪವೇ ಮಾಯ.

ಇನ್ನೊಂದು ತಮಾಷೆ ಇದೆ. ಬೇರಿಯಂ, ಕಾರ್ಬೊನೇಟ್, ಸಿಲಿಕಾ ಬೆರೆತ ಕ್ಷಾರದ ದ್ರಾವಣದಲ್ಲಿ ಜೀವವೇ ಇಲ್ಲದೆ ಹುಳುವಿನಂಥ ಸುರುಳಿಗಳು ಬೆಳೆಯುತ್ತವೆ. ಆಸ್ಟ್ರೇಲಿಯಾದ ಏಪೆಕ್ಸ್ ಚರ್ಟ್ ಎಂಬ ಹಳೇ ಸಿಲಿಕಾ ಕಲ್ಲಿನಲ್ಲಿ ಇರುವುದು ಜೀವಿಗಳೇ ಎಂದು 1993ರಲ್ಲಿ ಪಳೆಯುಳಿಕೆ ತಜ್ಞ ವಿಲಿಯಂ ಶಾಫ್ ಬರೆದರು, 2002ರಲ್ಲಿ ಇನ್ನೊಬ್ಬ ತಜ್ಞ ಮಾರ್ಟಿನ್ ಬ್ರೇಸಿಯರ್ ಅವರ ತಂಡ, ಅವು ಜೀವಿಗಳಲ್ಲ, ಬಿಸಿನೀರು ಹರಿದ ಬಿರುಕಿನಲ್ಲಿ ಸೇರಿಕೊಂಡ ಇಂಗಾಲ ಎಂದಿತು. ಈ ಜಗಳ ಸುಮ್ನೆ ಹುಟ್ಟಿದ್ದಲ್ಲ ಅಲ್ವಾ?

ಮುಂದಿನ ಸಲ ಚಿತ್ರದ ಜೊತೆ, ಆ ಕಲ್ಲು ಯಾವ ಥರದ್ದು, ಎಂಥ ನೀರಿನಲ್ಲಿ ಆಯಿತು ಅನ್ನುವ ಎರಡು ಸಾಲನ್ನೂ ಹಾಕಿ.

— ಒಬ್ಬ ಓದುಗ